ಕಿರೀಟದೊಳಗಿನ ನೀಲಿ ಮೀನು

“ಇದಕ್ಕೆ ಗುರುತು ಹಾಕ್ಬೇಡ ಮಾರಾಯ್ತಿ. ಬೇರೆ ಯಾವುದಕ್ಕೆ ಬೇಕಾದ್ರೂ ಹಾಕು, ಇದಕ್ಕೆ ಮಾತ್ರ ಬೇಡ,” ಎಂದು ಜೋಸ್ಫಿನ್ ಬಾಯಮ್ಮ ಗರಿಯ ಕಿರೀಟವನ್ನು ಮೇಜಿನ ಮೇಲೆ ಮಗುಚಿದಳು. ಒಳಪಟ್ಟಿಯಲ್ಲಿ ಏಳು ಹೆಸರುಗಳು. ಏಳೂ ಹೆಂಗಸರವು, ಏಳೂ ಬೇರೆ ಬೇರೆ ಕೈಯ ಹೊಲಿಗೆ. ಪ್ರತಿ ಹೆಸರಿನ ಮೇಲೂ ಕೆಂಪು ದಾರದ ಅಡ್ಡಗೆರೆ ಇತ್ತು.

ಭವ್ಯಶ್ರೀಗೆ ನಗು ಬಂತು. ಕಾಪುವಿನಿಂದ ದುಬೈಗೆ ನೃತ್ಯ ತಂಡ ಸೇರಲು ಬಂದು ಮೂರೇ ತಿಂಗಳಾಗಿತ್ತು. ಅಲ್ಲಿನ ಸತ್ವಾ ಪೇಟೆಯ ದರ್ಜಿ ಅಂಗಡಿಯಲ್ಲೂ ಮಾಟದ ಕತೆ ಕೇಳಬೇಕಾದೀತೆಂದು ಅವಳು ಎಣಿಸಿರಲಿಲ್ಲ. ನೂರು ವರ್ಷದ ಹಿಂದೆ ನ್ಯೂಯಾರ್ಕಿನ ಶೋಗರ್ಲ್‌ಗಳು ಗರಿ ಹೊತ್ತು, ನಗುತ್ತ, ಎತ್ತರದ ಮೆಟ್ಟಿಲು ಇಳಿಯುತ್ತಿದ್ದರಂತೆ. ೨೦೧೬ರ ಚಳಿಗಾಲಕ್ಕೆ ಹೋಟೆಲೊಂದರ ರಂಗಮಂದಿರದಲ್ಲಿ ಅದೇ ಪ್ರದರ್ಶನ, ಸತತ ಎರಡನೇ ವರ್ಷ. ಉಳಿದ ಕಿರೀಟಗಳನ್ನೆಲ್ಲ ಬಾಯಮ್ಮನೇ ಮಾಡಿದ್ದಳು. ಇದೊಂದು ಮಾತ್ರ ಆ ಕಾಲದ್ದೇ, ಅಮೆರಿಕದ ಹರಾಜಿನಲ್ಲಿ ಕೊಂಡದ್ದು, ಎಲ್ಲರಿಗಿಂತ ಮುಂದೆ ಇಳಿಯುವವಳ ತಲೆಗೆ.

“ಆ ಮೊದಲನೇ ಹುಡುಗಿಯ ಅಮ್ಮ ಅದೇ ಕಂಪೆನಿಯಲ್ಲಿ ಬಟ್ಟೆ ಹೊಲೀತಿದ್ದಳಂತೆ,” ಬಾಯಮ್ಮ ದನಿ ತಗ್ಗಿಸಿದಳು. “ಕೆಳಗೆ ನೋಡ್ಬಾರ್ದು, ನಗ್ತಾ ಇಳೀಬೇಕು ಅಂತ ಮಾಲೀಕನ ಆರ್ಡರು. ಹುಡುಗಿ ಬಿದ್ದು ಸತ್ತಳು. ಮರುದಿನವೇ ಕಿರೀಟ ಇನ್ನೊಬ್ಬಳಿಗೆ. ಆ ಅಮ್ಮ ಬೆರಳು ಚುಚ್ಚಿಕೊಂಡು, ರಕ್ತದಲ್ಲಿ ದಾರ ಅದ್ದಿ, ಮಗಳ ಹೆಸರಿನ ಮೇಲೆ ಗೆರೆ ಹೊಲಿದಳು. ಇದನ್ನು ತನ್ನದು ಅಂದವಳೆಲ್ಲ ನನ್ನ ಮಗಳ ಹಿಂದೆಯೇ ಇಳೀಲಿ ಅಂತ.”

“ನಿಮಗೆ ಹೇಗೆ ಗೊತ್ತು ಬಾಯಮ್ಮ? ಅವಳು ವಾಟ್ಸಾಪ್ ಮಾಡಿದ್ಳಾ?”

“ಕಿರೀಟದ ಪೆಟ್ಟಿಗೆಯ ಒಟ್ಟಿಗೆ ಕಾಗದ ಬಂದಿತ್ತು. ಓದಿ ನಾನೂ ನಗಾಡಿದ್ದೆ. ಏಳನೇ ಹೆಸರು ಹೋದ ವರ್ಷ ಮುಂದೆ ಇಳಿದವಳದ್ದು. ಅದನ್ನು ಹೊಲಿದು ಕೊಟ್ಟದ್ದು ನಾನೇ. ಗೆರೆ ಮಾತ್ರ ನಾನು ಹಾಕಿದ್ದಲ್ಲ.”

ಬಾಯಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಭವ್ಯಶ್ರೀ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದಳು. ಜಾಣೆಯಲ್ಲವೇ!

ಆದರೆ ಗ್ರೀನ್‌ರೂಮಿನಲ್ಲಿ ಗುರುತಿಲ್ಲದ್ದು ಯಾರ ತಲೆಗಾದರೂ ಹೋಗುತ್ತದೆ. ಮುಂದಿನ ಸಾಲಿನ ಆ ಒಂದು ಜಾಗಕ್ಕೆ ಅವಳು ಮೂರು ತಿಂಗಳು ಬೆವರು ಸುರಿಸಿದ್ದಳು. ಹೆಸರು ತಾನೇ ಬೇಡ? ಹೆಸರು ಹೊಲಿಯಲಿಲ್ಲ. ನೀಲಿ ದಾರದಲ್ಲಿ ಪುಟ್ಟ ಮೀನೊಂದನ್ನು ಹೊಲಿದಳು. ಅದು ಅವರ ಮನೆಯ ಗುರುತು. ಊರಲ್ಲಿ ಅಮ್ಮ ಯೂನಿಫಾರ್ಮಿನ ಕಾಲರಿನೊಳಗೆ ಹೆಸರು ಹಾಕುತ್ತಿರಲಿಲ್ಲ, ಈ ಮೀನನ್ನೇ ಹಾಕುತ್ತಿದ್ದಳು. ಅಕ್ಕನಿಗೆ ಗಿಡ್ಡವಾದದ್ದು ಹೇಗೂ ತಂಗಿಗೆ ಹೋಗುತ್ತದೆ, ಬಿಚ್ಚಿ ಮತ್ತೆ ಹೊಲಿಯುವ ಕೆಲಸ ಯಾರಿಗೆ ಬೇಕು?

ತಂಗಿ ಅಶ್ಮಿತಾ ಅದೇ ತಂಡದಲ್ಲಿ, ಎರಡನೇ ಸಾಲಿನಲ್ಲಿದ್ದಳು. “ನಾನು ನೋಡಿಕೊಳ್ತೇನೆ” ಎಂದು ಅಮ್ಮನಿಗೆ ಮಾತು ಕೊಟ್ಟು ಭವ್ಯಶ್ರೀಯೇ ಅವಳನ್ನು ಕರೆತಂದಿದ್ದಳು. ಬಾಯಮ್ಮನ ಕತೆಯನ್ನು ತಂಗಿಗೆ ಹೇಳಲಿಲ್ಲ. ಸುಮ್ಮನೆ ಹೆದರುತ್ತಾಳೆ.

ಮಧ್ಯಾಹ್ನ ಮೂರಕ್ಕೆ ಕೊನೆಯ ರಿಹರ್ಸಲ್. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಎಲ್ಲ ದೀಪ ಆರಿಸಿ ಗವ್ವೆನ್ನುವ ಕತ್ತಲೆ. ಇಪ್ಪತ್ತನಾಲ್ಕು ಮೆಟ್ಟಿಲು, ಶುರುವಿನ ಇಳಿತ ಕತ್ತಲಲ್ಲೇ. ಡ್ರಮ್ ಶುರುವಾಯಿತು. ಭವ್ಯಶ್ರೀ ನಗು ತಂದುಕೊಂಡು ಇಳಿದಳು, ಮನಸ್ಸಿನಲ್ಲೇ ಎಣಿಸುತ್ತ. ಹತ್ತರ ಹೊತ್ತಿಗೆ ಹಳೇ ಪೌಡರಿನ ವಾಸನೆ ಬಂತು. ಹದಿನೈದಕ್ಕೆ ಅದರೊಳಗಿಂದ ರಕ್ತದ ವಾಸನೆ. ಇಪ್ಪತ್ತನಾಲ್ಕು. ನೆಲ ಸಿಗಲಿಲ್ಲ. ಇಪ್ಪತ್ತೈದು. ಇಪ್ಪತ್ತಾರು. ಡ್ರಮ್ ಕೇಳುತ್ತಿಲ್ಲ. ಮುಂದೆ ಯಾರೋ ಇಳಿಯುತ್ತಿದ್ದಾರೆ. ಟಕ್. ಟಕ್. ಬಿಳಿ ಬೆನ್ನುಗಳು. ಏಳು. ಹಿಂದೆ ಉಸಿರು. ಕತ್ತಿನ ಹಿಂಭಾಗಕ್ಕೆ ಸೂಜಿಯ ಮೊನೆ ತಾಗಿತು. ಚುಚ್ಚಿತು. ದಾರ ಎಳೆಯುತ್ತಿದೆ. ಮುಂದಿನವಳು ತಿರುಗಿದಳು. ನಗುತ್ತಿದ್ದಳು. ಕತ್ತು ಮಾತ್ರ ಮುರಿದು ಹೆಗಲಿಗೆ ಬಿದ್ದಿತ್ತು.

ಭವ್ಯಶ್ರೀ ಕಿರೀಟವನ್ನು ಕೂದಲ ಸಮೇತ ಕಿತ್ತೆಸೆದಳು.

ದೀಪ ಬಂದಾಗ ಅವಳು ಆರನೇ ಮೆಟ್ಟಿಲಿನಲ್ಲೇ ಕಾಲು ಉಳುಕಿಸಿಕೊಂಡು ಕುಳಿತಿದ್ದಳು. ಇಬ್ಬರು ಎತ್ತಿ ನರ್ಸಿನ ಕೋಣೆಗೆ ಒಯ್ದರು. ಬದುಕಿದೆ ಎಂದು ಅವಳು ಅತ್ತಳು, ಎಷ್ಟು ಸಮಾಧಾನವಾಯಿತೆಂದರೆ ನಗುವೂ ಬಂತು. ಅಷ್ಟರಲ್ಲಿ ಗೋಡೆಯ ಸ್ಪೀಕರಿನಲ್ಲಿ ನಿರ್ದೇಶಕನ ದನಿ ಕೇಳಿತು: “ಯಲ್ಲಾ, ನಡೀರಿ, ಮೊದಲಿನಿಂದ!”

ಮತ್ತೆ ಡ್ರಮ್.

“ಮುಂದೆ ಯಾರು?” ಅವಳು ನರ್ಸ್ ಸುಸನ್‌ಳ ಕೈ ಹಿಡಿದಳು. “ನನ್ನ ಜಾಗದಲ್ಲಿ ಯಾರು?”

“ನಿಮ್ಮ ತಂಗಿಯೇ ಅಂತೆ. ಅಕ್ಕನ ಜಾಗ ಬೇರೆಯವರಿಗೆ ಬಿಡುದಿಲ್ಲ ಅಂತ ಹೇಳಿದ್ಳಂತೆ.”

ಉಳುಕಿದ ಕಾಲಿನಲ್ಲೇ ಅವಳು ಓಡಿದಳು. ಗೋಡೆ ಹಿಡಿದು, ಕುಂಟುತ್ತ, ತೆವಳುತ್ತ. ಪರದೆಯ ಬದಿಯಿಂದ ಕಂಡಳು: ಮೆಟ್ಟಿಲ ತುದಿಯಲ್ಲಿ ಅಶ್ಮಿತಾ, ತಲೆಯ ಮೇಲೆ ಆ ಕಿರೀಟ. ಒಳಗೆ ನೀಲಿ ಮೀನು ನೋಡಿರಬೇಕು. ಹುಟ್ಟಿದಾಗಿನಿಂದ ಆ ಗುರುತಿದ್ದದ್ದನ್ನೆಲ್ಲ ಕೇಳದೆ ಹಾಕಿಕೊಂಡವಳು.

“ತೆಗಿ! ಅಶ್ಮೀ, ಅದನ್ನು ತೆಗಿಯೇ!”

ಡ್ರಮ್ಮಿನ ಸದ್ದಿಗೆ ಕೂಗು ಮುಳುಗಿತು. ತಂಗಿ ಅಕ್ಕನನ್ನು ಕಂಡಳು. ನಗು ಇನ್ನಷ್ಟು ಅಗಲ ಮಾಡಿದಳು. ಕೆಳಗೆ ನೋಡಲಿಲ್ಲ. ದೀಪ ಆರಿತು. ಟಕ್. ಟಕ್. ಟಕ್. ಆಮೇಲೆ ಹೆಜ್ಜೆಯಲ್ಲದ ಸದ್ದು. ಅದು ಕೆಳಗಿನವರೆಗೂ ಬಂತು.

ಸುದ್ದಿ ಕೇಳಿ ಓಡಿಬಂದ ಜೋಸ್ಫಿನ್ ಬಾಯಮ್ಮ ಬಿದ್ದಿದ್ದ ಕಿರೀಟವನ್ನು ಎತ್ತಿಕೊಂಡಳು. ಗರಿಗಳ ನಡುವೆ ಕೈಹಾಕಿ ಒಳಪಟ್ಟಿ ಮಗುಚಿ ತೋರಿಸಿದಳು. ನೀಲಿ ಮೀನಿನ ಮೇಲೆ ಕೆಂಪು ದಾರದ ಅಡ್ಡಗೆರೆ ಬಿದ್ದಿತ್ತು. ಮುಟ್ಟಿದರೆ ಬೆರಳಿಗೆ ಹಸಿ ಕೆಂಪು ಹತ್ತಿತು.

ಐದು ಗಂಟೆಗೆ, ದಿನದಂತೆ, ಊರಿನ ಕಾಲ್ ಬಂತು. ಭವ್ಯಶ್ರೀ ಅಭ್ಯಾಸಬಲದಿಂದ ಎತ್ತಿದಳು.

“ಕಾಲು ಕೊಂಕಿತಂತೆ? ಆ ಹುಡುಗಿ ಆಗಲೇ ಮೆಸೇಜ್ ಮಾಡಿದ್ದಳು, ಅಕ್ಕನ ಕಿರೀಟ ಇವತ್ತು ನನಗೆ ಅಂತ. ಎಷ್ಟು ಖುಷಿ ಅವಳಿಗೆ!” ಅಮ್ಮ ನಗುತ್ತಿದ್ದಳು. “ಅವಳ ಕೈಗೆ ಕೊಡು ಫೋನು.”