ಒಂದು ಹನಿ ನೇಲ್ ಪಾಲಿಶ್

ಕನ್ನಡಕ ಇಲ್ಲದಿದ್ದರೆ ನಾನು ಲೈಟು ಕಂಬಕ್ಕೂ ನಮಸ್ಕಾರ ಹೇಳುವ ಆಸಾಮಿ. ಅಂಥವನ ಕನ್ನಡಕದ ಬಲಗಡೆಯ ಕಡ್ಡಿ ಆ ದಿನ ನಡುಬೀದಿಯಲ್ಲಿ ಕಳಚಿ ಕೈಗೆ ಬಂತು. ಎಳ್ಳಿನಷ್ಟಿದ್ದ ಸ್ಕ್ರೂ ಎಲ್ಲಿ ಬಿತ್ತೋ ಏನೋ. ಫುಟ್‌ಪಾತಿನ ಮೇಲೆ ಮಂಡಿಯೂರಿ ತಡಕಾಡುತ್ತಿದ್ದಾಗ ತಲೆಯ ಮೇಲಿಂದ ಒಂದು ದನಿ ಕೇಳಿಸಿತು.

"ಅದು ಸಿಗಲ್ಲ, ಏಳಿ. ಒಳಗೆ ಬನ್ನಿ, ಬೇರೆ ಹಾಕ್ಕೊಡ್ತೀನಿ."

ತಲೆಯೆತ್ತಿದರೆ ಬರೀ ನೀಲಿ ಬಣ್ಣದ ಮಸುಕು. ಆ ಮಸುಕು ನನ್ನ ಮೊಣಕೈ ಹಿಡಿದು, "ಎರಡು ಮೆಟ್ಟಿಲಿದೆ, ನಿಧಾನ" ಎಂದು ಒಳಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿತು. ಸ್ವಲ್ಪ ಹೊತ್ತಿಗೆ ಕನ್ನಡಕ ವಾಪಸು ಮೂಗಿನ ಮೇಲೆ ಬಂದು ಕೂತಿತು. ನೋಡಿದರೆ ಅದು ಕನ್ನಡಕದ ಅಂಗಡಿ. ಎದುರಿಗೆ ನೀಲಿ ಅಂಗಿ ತೊಟ್ಟ ಹುಡುಗಿ, ಕೈಯಲ್ಲಿ ಪುಟ್ಟ ಸ್ಕ್ರೂಡ್ರೈವರ್.

"ಈಗ ನೋಡಿ, ಲೋಕ ಹೊಸದಾಗಿ ಕಾಣುತ್ತೆ," ಎಂದಳು.

ಸುಳ್ಳೇಕೆ ಹೇಳಲಿ, ಕಂಡಿತು.

ನಾನು ಹಲ್ಲಿನ ಸೆಟ್ ಮಾಡುವವನು. ಡಾಕ್ಟರು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಲ್ಯಾಬಿನಲ್ಲಿ ಕೂತು ಹಲ್ಲು ಜೋಡಿಸುತ್ತೇನೆ. ಹಾಗಾಗಿ ಯಾರೇ ನಕ್ಕರೂ ನನ್ನ ಕಣ್ಣು ಮೊದಲು ಹೋಗುವುದು ಹಲ್ಲಿಗೇ. ಅವಳ ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ತುಸು ಒರಗಿಕೊಂಡಿತ್ತು. ಸಾವಿರಾರು ಹಲ್ಲುಗಳನ್ನು ನೆಟ್ಟಗೆ ನಿಲ್ಲಿಸಿದ ಕೈ ನನ್ನದು. ಅದೊಂದನ್ನು ಮಾತ್ರ ಯಾರೂ ಮುಟ್ಟಕೂಡದು ಅನ್ನಿಸಿತು.

"ಎಷ್ಟು ಕೊಡಲಿ?"

"ಹೊರಗೆ ಬೋರ್ಡ್ ಓದಲಿಲ್ವಾ?"

"ಓದೋಕೆ ಕನ್ನಡಕ ಎಲ್ಲಿತ್ತು?"

ಅವಳು ನಕ್ಕಳು. ಹೊರಗೆ ಬಂದು ಓದಿದೆ. 'ಕನ್ನಡಕದ ಸ್ಕ್ರೂ ಬಿಗಿ ಮಾಡಿಕೊಡುತ್ತೇವೆ. ಏನೂ ಕೊಳ್ಳಬೇಕಿಲ್ಲ. ಸುಮ್ಮನೆ ಬನ್ನಿ.'

ಹದಿನೈದು ದಿನಕ್ಕೆ ಸ್ಕ್ರೂ ಮತ್ತೆ ಸಡಿಲವಾಯಿತು, ಹೋದೆ. ಅದಾದ ಎಂಟು ದಿನಕ್ಕೆ ಇನ್ನೊಮ್ಮೆ ಸಡಿಲವಾಯಿತು. ಆ ಸಲ ಅದಕ್ಕೆ ಲ್ಯಾಬಿನ ಚೂಪು ಚಾಕುವಿನ ಸಹಾಯವಿತ್ತು ಎನ್ನುವುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಸ್ಕ್ರೂ ತಿರುಗಿಸುವುದು ಅರ್ಧ ನಿಮಿಷದ ಕೆಲಸ. ಅವಳು ಐದು ನಿಮಿಷ ತೆಗೆದುಕೊಳ್ಳುತ್ತಿದ್ದಳು. ಕನ್ನಡಕ ಅವಳ ಕೈಯಲ್ಲಿರುವಷ್ಟು ಹೊತ್ತು ಅವಳು ನನಗೆ ನೀಲಿಯೋ ಹಸಿರೋ ಒಂದು ಮಸುಕು ಅಷ್ಟೇ. ಆಗ ಅವಳ ಮುಖದಲ್ಲಿ ಏನಿರುತ್ತಿತ್ತು ಎಂದು ನನಗೆ ಒಂದು ದಿನವೂ ಗೊತ್ತಾಗಲಿಲ್ಲ. ಕನ್ನಡಕ ತೊಡಿಸಿ, ಕಿವಿಯ ಹಿಂದೆ ಬೆರಳಿನ ತುದಿಯಿಂದ ಕಡ್ಡಿ ಸರಿಮಾಡುವ ಹೊತ್ತಿಗೆ ಅವಳ ನೋಟ ಫ್ರೇಮಿನ ಮೇಲಿರುತ್ತಿತ್ತು.

ಮೂರನೇ ಸಲ ಹೋದಾಗ ನನಗಿಂತ ಮುಂಚೆ ಒಬ್ಬ ಅಜ್ಜ ಸ್ಟೂಲಿನ ಮೇಲೆ ಕೂತಿದ್ದರು. ಅವರ ಕನ್ನಡಕಕ್ಕೆ ದಾರ ಸುತ್ತಿತ್ತು. ಅವಳು ದಾರ ಬಿಚ್ಚಿ, ಹೊಸ ಸ್ಕ್ರೂ ಹಾಕಿ, ಗಾಜು ಒರೆಸಿ ತೊಡಿಸಿದಳು.

"ಈಗ ನೋಡಿ ಅಜ್ಜ, ಲೋಕ ಹೊಸದಾಗಿ ಕಾಣುತ್ತೆ."

ಅದೇ ಮಾತು, ಅದೇ ನಗು. ಎಂಬತ್ತು ದಾಟಿದ ಮುದುಕರ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು ಎಂದರೆ ನೀವು ನಗಬಹುದು. ಬಂದಿದ್ದಂತೂ ನಿಜ.

ಆದರೆ ಅಜ್ಜ ಮಾತಾಡುವಾಗ ಕೆನ್ನೆ ಹಿಡಿದುಕೊಳ್ಳುತ್ತಿದ್ದರು. ಕೆಳಗಿನ ಸೆಟ್ಟಿನ ಅಂಚು ಒಸಡಿಗೆ ಒತ್ತುತ್ತಿದೆ ಎಂದು ನೋಡಿದ ಕೂಡಲೇ ತಿಳಿಯಿತು. ಕೈ ಹಿಡಿದು ಪಕ್ಕದ ಬೀದಿಯ ನನ್ನ ಲ್ಯಾಬಿಗೆ ಕರೆದುಕೊಂಡು ಹೋದೆ. ಸೆಟ್ಟಿನ ಅಂಚನ್ನು ಕೂದಲೆಳೆಯಷ್ಟು ಉಜ್ಜಿ, ಹೊಳಪು ಕೊಟ್ಟು ವಾಪಸು ಕರೆತಂದೆ. ಅಜ್ಜ ಜೇಬಿನಿಂದ ಬಿಸ್ಕತ್ತು ತೆಗೆದು ಅಲ್ಲೇ ಕಚ್ಚಿ ತೋರಿಸಿದರು.

"ಹಾಗಾದ್ರೆ ನೀವೂ ನಮ್ಮ ಪೈಕಿನೇ ಅನ್ನಿ," ಎಂದಳು ಅವಳು, ನನ್ನನ್ನೇ ನೋಡುತ್ತಾ. ಆಮೇಲೆ ಹುಬ್ಬು ಮೇಲಕ್ಕೆ ಹೋಯಿತು. "ಅಷ್ಟು ನಾಜೂಕಾದ ಕೆಲಸ ಮಾಡೋ ಕೈಗೆ ಒಂದು ಸ್ಕ್ರೂ ತಿರುಗಿಸೋಕೆ ಬರಲ್ವಾ?"

"ಕನ್ನಡಕ ತೆಗೆದ್ರೆ ನನಗೆ ಏನೂ ಕಾಣಲ್ಲ."

"ನಿಮ್ಮದು ಮೈನಸ್ ಐದು. ಒಂದು ಗೇಣು ದೂರದ್ದು ಚೆನ್ನಾಗೇ ಕಾಣುತ್ತೆ. ಬೇರೆ ನೆಪ ಹುಡುಕಿ."

ಕಿವಿಯವರೆಗೆ ಬಿಸಿಯಾಯಿತು. ಆ ದಿನವೇ ಬಾಯಿ ಬಿಟ್ಟು ಹೇಳಿಬಿಡಬೇಕಿತ್ತು, ಹೇಳಲಿಲ್ಲ. ಅವಳ ಒಳ್ಳೆಯತನ ಬೀದಿಗೆಲ್ಲ ಸೇರಿದ್ದು. ಅದರಲ್ಲಿ ನನ್ನ ಪಾಲಿಗೆ ಬಂದ ಚೂರನ್ನು ಪ್ರೀತಿ ಅಂದುಕೊಂಡರೆ ನನ್ನಂಥ ಪೆದ್ದ ಇನ್ನೊಬ್ಬನಿಲ್ಲ. ನಾನು ಕೇಳಿ, ಅವಳು ಇಲ್ಲ ಅಂದುಬಿಟ್ಟರೆ ಆ ಸ್ಟೂಲೂ ನನಗಿಲ್ಲ. ವಾರಕ್ಕೆ ಐದು ನಿಮಿಷದ ಆ ಸ್ಟೂಲು ಬಿಟ್ಟು ಇರುವುದು ನನಗೆ ಆಗಲೇ ಕಷ್ಟವಾಗಿತ್ತು.

ನಾಲ್ಕನೇ ಸಲವೂ ಹೀಗೇ ಕಳೆಯಿತು. ಐದನೇ ಸಲ ಹೋದಾಗ ಅವಳಿರಲಿಲ್ಲ, ಅವಳ ಅಪ್ಪ ಕೂತಿದ್ದರು.

"ಮಗಳು ಲೆನ್ಸ್ ತರೋಕೆ ಹೋಗಿದಾಳೆ. ಕೊಡಪ್ಪಾ, ನಾನೇ ನೋಡ್ತೀನಿ." ಕನ್ನಡಕವನ್ನು ಬೆಳಕಿಗೆ ಹಿಡಿದರು. "ಅರೆ, ಇದಕ್ಕೆ ಪಾಲಿಶ್ ಹಾಕೇ ಇಲ್ವಲ್ಲ!"

"ಯಾವ ಪಾಲಿಶ್ ಸಾರ್?"

"ಉಗುರಿಗೆ ಹಚ್ಕೋತಾರಲ್ಲ, ಅದೇ. ಬಿಗಿ ಮಾಡಿದ ಮೇಲೆ ಸ್ಕ್ರೂ ತಲೆಗೆ ಒಂದು ಹನಿ ಬಿಟ್ರೆ ಆಮೇಲೆ ಅಲ್ಲಾಡಲ್ಲ. ನನ್ನ ಮಗಳು ದಾರೀಲಿ ಹೋಗೋರನ್ನೂ ಅದಿಲ್ದೆ ಕಳಿಸೋಳಲ್ಲ. ನಿನಗೊಬ್ಬನಿಗೇ ಹೇಗೆ ಮರೆತಳೋ!"

ಬಣ್ಣವಿಲ್ಲದ ಪಾಲಿಶ್ ಬಾಟಲಿ ಅವರಿಗೆ ಸಿಗಲಿಲ್ಲ. ಡ್ರಾಯರ್ ತಡಕಿ ಮಗಳದ್ದೇ ಒಂದು ಕೆಂಪು ಬಾಟಲಿ ತೆಗೆದರು. ಟಪ್ ಎಂದು ಒಂದು ಹನಿ.

"ತಗೋ. ಇನ್ನು ಐದು ವರ್ಷ ಈ ಕಡೆ ತಲೆ ಹಾಕೋ ಹಾಗಿಲ್ಲ ನೀನು!"

"ತುಂಬಾ ಉಪಕಾರ ಆಯ್ತು ಸಾರ್," ಎಂದೆ. ಇಷ್ಟು ಸಂಕಟದ ಉಪಕಾರ ನನಗೆ ಈವರೆಗೆ ಯಾರೂ ಮಾಡಿರಲಿಲ್ಲ.

ತಿರುವಿನವರೆಗೂ ಮುಖ ಸಪ್ಪೆ ಮಾಡಿಕೊಂಡೇ ನಡೆದೆ. ದಾರಿಹೋಕರಿಗೆಲ್ಲ ಹಾಕುವ ಹನಿಯನ್ನು ನನಗೆ ಮಾತ್ರ ಹಾಕಿಲ್ಲ, ನಾನು ಅಷ್ಟೂ ಲೆಕ್ಕಕ್ಕಿಲ್ಲವೇ? ತಿರುವಿನಲ್ಲಿ ಕಾಲು ನಿಂತಿತು. ಒಂದು ಸಲ ಮರೆತರೆ ಮರೆವು. ನಾಲ್ಕು ಸಲ ಮರೆತರೆ?

ಮೂರು ದಿನ ಲ್ಯಾಬಿನಲ್ಲಿ ಆ ಕೆಂಪು ಚುಕ್ಕೆಯನ್ನೇ ನೋಡುತ್ತಾ ಕೂತೆ. ಚಾಕುವಿನಿಂದ ಕೆರೆದರೆ ಕ್ಷಣದಲ್ಲಿ ಕಿತ್ತುಬರುತ್ತಿತ್ತು. ಕೆರೆಯಲು ಮನಸ್ಸು ಬರಲಿಲ್ಲ. ಅವಳ ಅಪ್ಪ ಅಕ್ಕರೆಯಿಂದ ಹಾಕಿದ ಹನಿ ಅದು. ಅಲ್ಲದೆ ಇನ್ನೊಂದು ನೆಪ ಹೊತ್ತುಕೊಂಡು ಹೋಗಲು ನನಗೇ ನಾಚಿಕೆಯಾಯಿತು.

ನಾಲ್ಕನೇ ದಿನ ಮಧ್ಯಾಹ್ನ ಅಂಗಡಿಗೆ ಹೋದೆ. ಅವಳು ಫ್ರೇಮುಗಳ ಧೂಳು ಒರೆಸುತ್ತಿದ್ದಳು. ನನ್ನ ಕನ್ನಡಕದ ಕೆಂಪು ಚುಕ್ಕೆ ಕಂಡು ಅವಳ ಕೈ ನಿಂತಿತು.

"ಆ ಬಣ್ಣ ನಂದು," ಎಂದಳು.

"ನಿಮ್ಮ ಅಪ್ಪ ಹಾಕಿದ್ರು."

"ಗೊತ್ತು. ನಾಲ್ಕು ದಿನದಿಂದ ಅಪ್ಪನ ಹತ್ರ ಮಾತು ಬಿಟ್ಟಿದೀನಿ. ಪಾಪ, ಯಾಕೆ ಅಂತ ಅವರಿಗೆ ಇನ್ನೂ ಹೊಳೆದಿಲ್ಲ." ಬಟ್ಟೆ ಮಡಚಿಟ್ಟಳು. "ಈಗ ಏನಾಗಿದೆ ಕನ್ನಡಕಕ್ಕೆ?"

"ಏನೂ ಆಗಿಲ್ಲ. ಕಲ್ಲಿನ ಹಾಗೆ ಗಟ್ಟಿಯಾಗಿದೆ."

"ಮತ್ತೆ ಯಾಕೆ ಬಂದ್ರಿ?"

"ಬೋರ್ಡಲ್ಲಿ ಬರೆದಿದೀರಲ್ಲ, ಸುಮ್ಮನೆ ಬನ್ನಿ ಅಂತ."

ಅವಳ ತುಟಿಯಂಚಿನಲ್ಲಿ ಆ ಓರೆ ಹಲ್ಲು ಇಣುಕಿತು. ಧೈರ್ಯ ಬಂತು.

"ಮೊದಲ ಎರಡು ಸಲ ಮಾತ್ರ ಅದಾಗೇ ಸಡಿಲ ಆಗಿದ್ದು. ಆಮೇಲಿಂದೆಲ್ಲ ನಾನೇ ಮಾಡಿದ್ದು."

"ಸ್ಕ್ರೂ ತಲೆ ಮೇಲೆ ಗೀರು ಇರ್ತಿತ್ತು. ನಾನು ಕುರುಡಿಯಲ್ಲ."

"ನೀವು ಪಾಲಿಶ್ ಹಾಕಿರಲಿಲ್ಲ."

"ಮೊದಲ ದಿನ ನಿಜವಾಗ್ಲೂ ಮರೆತೆ. ಯಾಕೆ ಮರೆತೆ ಅಂತ ಕೇಳ್ಬೇಡಿ." ತಲೆ ತಗ್ಗಿತು. "ಆಮೇಲೆ ಒಂದು ಸಲಾನೂ ಮರೀಲಿಲ್ಲ."

"ನನಗೆ ನೀವಂದ್ರೆ ತುಂಬಾ ಇಷ್ಟ," ಎಂದುಬಿಟ್ಟೆ. "ಊರಿಗೆಲ್ಲ ಕೊಡೋದರಲ್ಲಿ ನನಗೂ ಒಂದು ಪಾಲು ಸಿಕ್ತಲ್ಲ, ಸಾಕು ಅಂದ್ಕೊಂಡಿದ್ದೆ. ಈಗ ಸಾಲ್ತಿಲ್ಲ."

"ಊರಿಗೆಲ್ಲ ಕೊಟ್ಟಿದ್ದನ್ನ ನಿಮಗೊಬ್ಬರಿಗೇ ಕೊಡಲಿಲ್ಲ ನಾನು. ಅಷ್ಟೂ ಅರ್ಥ ಆಗಲ್ವಾ ನಿಮಗೆ?"

ಸ್ಟೂಲು ತೋರಿಸಿದಳು, ಕೂತೆ. ಎರಡೂ ಕೈಯಿಂದ ನನ್ನ ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟಳು. ಅಂಗಡಿ, ಬೀದಿ, ಅವಳು ಎಲ್ಲ ಮತ್ತೆ ಮಸುಕು.

"ಕನ್ನಡಕ ತೆಗೆದಾಗ ಅಷ್ಟು ಹೊತ್ತು ಏನು ಮಾಡ್ತಿದ್ರಿ?" ಎಂದು ಮಸುಕನ್ನು ಕೇಳಿದೆ.

"ನಿಮಗೆ ಕಾಣಲ್ಲ ಅನ್ನೋ ಧೈರ್ಯದಲ್ಲಿ ನಿಮ್ಮನ್ನೇ ನೋಡ್ತಿದ್ದೆ."

"ನಾನೂ ನೋಡಬೇಕು."

ಮಸುಕು ಒಂದು ಹೆಜ್ಜೆ ಮುಂದೆ ಬಂತು. "ಈಗ?"

"ಇಲ್ಲ."

ಇನ್ನೊಂದು ಹೆಜ್ಜೆ. "ಈಗ?"

"ಇನ್ನೂ ಸ್ವಲ್ಪ."

ಅವಳು ಬಾಗಿದಳು. ಒಂದು ಗೇಣಿನಷ್ಟು ಹತ್ತಿರ ಬಂದಾಗ ಹುಬ್ಬು, ರೆಪ್ಪೆ, ಒರಗಿಕೊಂಡ ಆ ಹಲ್ಲು, ನನ್ನನ್ನೇ ನೋಡುತ್ತಿದ್ದ ಎರಡು ಕಣ್ಣು ಒಂದೊಂದಾಗಿ ತಿಳಿಯಾದವು. ಇಷ್ಟು ದಿನ ಅವಳು ನನ್ನನ್ನು ಹೀಗೆ ನೋಡುತ್ತಿದ್ದಳು ಎಂದು ನನಗೆ ಆಗ ಗೊತ್ತಾಯಿತು.

"ಈಗ ನೋಡಿ," ಎಂದಳು ಪಿಸುದನಿಯಲ್ಲಿ. ಆ ಮಾತಿನ ಉಳಿದರ್ಧವನ್ನು ಅವಳು ಹೇಳಲಿಲ್ಲ.