ತುಟಿಯ ಹತ್ತಿರ ಬಂದ ಹಸಿರು

ಅಂಗಡಿಯ ಬಾಗಿಲಲ್ಲಿ ನಿಂತು ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು.

“ಏನ್ರೀ, ಮನೇಲಿ ಅಕ್ಕತಂಗಿ ಇಲ್ವಾ?”

“ಇದ್ದಾರೆ. ಆದ್ರೆ ಅವರ್ಯಾರೂ ಕುಂಚ ಬಾಯಲ್ಲಿ ಇಟ್ಕೊಳ್ಳಲ್ಲ.”

ನಗು ತಡೆಯಲಾಗಲಿಲ್ಲ. ಅಂಗೈಯಗಲದ ಚಿತ್ರ ಬರೆಯುವವಳು ನಾನು. ಕುಂಚದ ಕೂದಲು ಕೆದರಿದರೆ ತುಟಿಗಳ ನಡುವೆ ಎಳೆದು ಮೊನೆ ಮಾಡುವುದು ಚಿಕ್ಕಂದಿನ ಚಾಳಿ.

ಅವನು ಕಾದಂಬರಿಕಾರ. ಹಳೆಯ ಕಾಲದ ಚಿತ್ರಕಾರ ದಂಪತಿಯ ಕಥೆ ಬರೆಯುತ್ತಿದ್ದ. ಗಂಡ ಗೆರೆ ಎಳೆದರೆ ಹೆಂಡತಿ ಬಣ್ಣ ತುಂಬುತ್ತಿದ್ದಳಂತೆ. ಅವಳ ಕೈ ಹೇಗೆ ಆಡುತ್ತಿತ್ತೆಂದು ತಿಳಿಯಲು ದಿನವೂ ಬಂದು ನನ್ನೆದುರು ಕೂತ.

ಚಿತ್ರಗಳಿಗೆ ಫ್ರೇಮು ಹಾಕುವ ನನ್ನಕ್ಕ ಪಕ್ಕದಲ್ಲೇ ಮೊಳೆ ಹೊಡೆಯುತ್ತ ಕಿಚಾಯಿಸಿದಳು. “ನೋಡ್ಕೊಳೇ, ನಿನಗೂ ಫ್ರೇಮ್ ಹಾಕಿ ಗೋಡೆಗೆ ನೇತುಹಾಕ್ತಾನೆ!”

ನಾನು ಕಣ್ಣು ಬರೆಯುವಾಗ ಅವನು ಉಸಿರು ಬಿಗಿಹಿಡಿಯುತ್ತಿದ್ದ. ತಿರುಗಿ ನೋಡಿದರೆ ದೃಷ್ಟಿ ತಗ್ಗಿಸುತ್ತಿರಲಿಲ್ಲ. ನಲವತ್ತು ದಾಟಿದ ಕೆನ್ನೆಗೂ ಬಿಸಿ ಏರುತ್ತದೆಂದು ಆಗ ಗೊತ್ತಾಯಿತು.

“ನಿಮ್ಮ ಕಥೇಲಿ ಆ ಹೆಂಡತಿ ಏನಾಗ್ತಾಳೆ?”

“ಸಾಯ್ತಾಳೆ.”

“ಹೇಗೆ?”

“ಅದನ್ನೇ ಬರೆಯೋಕಾಗ್ತಿಲ್ಲ.” ಅವನು ನಗಲಿಲ್ಲ.

ಒಂದು ಮಧ್ಯಾಹ್ನ ಗಾಜಿನ ಕುಪ್ಪಿಯಲ್ಲಿ ಹಸಿರು ಪುಡಿ ತಂದ. “ಅವಳು ಬಳಸ್ತಿದ್ದ ಬಣ್ಣ ಇದೇ. ಹಳೇ ಸಾಮಾನಿನ ಅಂಗಡೀಲಿ ಸಿಕ್ತು. ಒಂದು ಎಲೆ ಬರೆದು ತೋರಿಸ್ತೀರಾ?”

ಅಷ್ಟು ಚಂದದ ಹಸಿರನ್ನು ನಾನು ಕಂಡಿರಲಿಲ್ಲ. ಗೋಂದಿನ ನೀರಲ್ಲಿ ಕಲಸಿ ಎಲೆ ಬರೆದೆ. ಮೊನೆ ಕೆದರಿತು. ಕೈ ತಾನಾಗಿ ಬಾಯಿಯತ್ತ ಹೋಯಿತು. ಬಿಂಕದಿಂದ ಅವನತ್ತ ಕಣ್ಣೆತ್ತಿದೆ.

ಅವನು ಕದಲಲಿಲ್ಲ. ರೆಪ್ಪೆ ಬಡಿಯಲಿಲ್ಲ. ಕಾಯುತ್ತಿದ್ದ. ಆ ನೋಟ ಕಂಡು ನನ್ನ ಕೈ ಅರ್ಧದಲ್ಲೇ ನಿಂತಿತು.

ಆಗ ಅವನು ಹಾರಿ ಬಂದು ಕುಂಚ ಕಿತ್ತೆಸೆದ. “ಬೇಡ! ಅದ್ರಲ್ಲಿ ಪಾಷಾಣ ಇದೆ! ಅವಳು ಸತ್ತಿದ್ದೇ ಅದ್ರಿಂದ!”

ಅಕ್ಕನ ಸುತ್ತಿಗೆ ನಿಂತಿತು.

“ಮೊದಲೇ ಗೊತ್ತಿತ್ತಾ?” ಎಂದೆ.

“ಹೇಳ್ಬೇಕು ಅಂತಲೇ ಇದ್ದೆ. ಅಷ್ಟರಲ್ಲಿ ನೀವು ಕುಂಚ ಎತ್ತಿದ್ರಿ. ಥೇಟ್ ಅವಳೇ. ಒಂದು ಗಳಿಗೆ ನಾನೆಲ್ಲಿದ್ದೀನಿ ಅನ್ನೋದೇ ಮರೆತುಹೋಯ್ತು.” ಅವನ ಕಣ್ಣು ತುಂಬಿತ್ತು. “ನಿಮ್ಮನ್ನ ಪ್ರೀತಿಸ್ತೀನಿ ಕಣ್ರೀ. ಸುಳ್ಳಲ್ಲ.”

“ನಂಗೊತ್ತು. ಆ ಗಳಿಗೇಲೂ ಪ್ರೀತಿಸ್ತಾನೇ ಇದ್ರಿ. ಅದಕ್ಕೇ ಭಯ ನಂಗೆ.”

ಅವನ ಕೈಗೆ ಮೆತ್ತಿದ್ದ ಹಸಿರನ್ನು ನಾನೇ ಸೋಪು ಹಾಕಿ ತೊಳೆದೆ, ಒಂದೊಂದೇ ಬೆರಳು. ಮತ್ತೆ ಹಿಡಿಯುವ ಕೈಯಲ್ಲವೆಂದು ಇಬ್ಬರಿಗೂ ತಿಳಿದಿತ್ತು.

“ಕಥೆ ಮುಗಿಸಿ. ಇಲ್ಲಿಗೆ ಮಾತ್ರ ಬರ್ಬೇಡಿ.”

ಬೀದಿಯ ತಿರುವಿನಲ್ಲಿ ನಿಂತು ಅವನು ಹಿಂತಿರುಗಿ ನೋಡಿದ. ಈ ಅಗಲಿಕೆಯನ್ನೂ ಬರೆಯುತ್ತಾನೆ, ಗ್ಯಾರಂಟಿ.

“ಬಾಗಿಲು ಹಾಕೇ!” ಅಕ್ಕ ಗದರಿದಳು.

ಹಾಕಲಿಲ್ಲ. ಕಣ್ಣೊರೆಸಿಕೊಂಡು, ಅವನಿಗೆ ಸರಿಯಾಗಿ ಕಾಣಲೆಂದು ಬೆಳಕಿಗೆ ಸರಿದು ನಿಂತೆ.