ಅಭ್ಯಂಜನದ ಪರೀಕ್ಷೆ

ಯುಗಾದಿಯ ಪ್ರಾತಃಕಾಲ. ಕಾಂಚನಾವತಿಯ ಮಹಾದ್ವಾರಗಳಲ್ಲಿ ಮಾವಿನ ತೋರಣಗಳು ತೂಗುತ್ತಿದ್ದವು, ಪಟ್ಟದಾನೆಗಳಿಗೂ ಮಜ್ಜನವಾಗಿತ್ತು, ನಗಾರಿಗಳ ಮೊಳಗು ಕೋಟೆಯ ಗೋಡೆಗಳನ್ನು ನಡುಗಿಸುತ್ತಿತ್ತು. ಆ ಸಂಭ್ರಮದ ನಡುವೆ, ತರುಣ ಅರಸು ಭುಜಬಲದೇವನಿಗೆ ಎಣ್ಣೆ ತಿಕ್ಕುವ ಊಳಿಗದ ಬೊಪ್ಪಣ್ಣನು ತನ್ನ ಬಲ ಮುಂಗೈಯನ್ನು ತೆಂಗಿನ ನಾರಿನಿಂದ ರಕ್ತ ಜಿನುಗುವವರೆಗೂ ಉಜ್ಜುತ್ತಿದ್ದನು.

ಅರಸನ ಮೈಗೆ ಹಚ್ಚುವ ತೈಲವನ್ನು ಮೊದಲು ಊಳಿಗದವನು ತನ್ನ ಕೈಗೆ ಸವರಿಕೊಂಡು, ಒಂದು ಗಳಿಗೆ ಸಭೆಯ ಎದುರು ನಿಲ್ಲುವುದು ಆ ಅರಮನೆಯ ಪದ್ಧತಿ. ಅರಸನ ಸೋದರಮಾವನಾದ ದಂಡನಾಯಕ ಮಾಚಿರಾಜನು ಹಿಂದಿನ ದಿನ ಬೊಪ್ಪಣ್ಣನನ್ನು ಕರೆಸಿ ಜೇನುಮೇಣದ ಉಂಡೆಯೊಂದನ್ನು ಕೊಟ್ಟಿದ್ದನು.

"ಇದನ್ನು ಕೈಗೆ ಬಳಿದುಕೊಂಡು ಬಾ. ಮೇಣ ದಾಟಿ ವಿಷ ಒಳಗಿಳಿಯದು. ನೀನು ಗಟ್ಟಿಯಾಗಿ ಓಡಾಡಿಕೊಂಡಿದ್ದರೆ ಅರಸನ ಸಾವನ್ನು ಜ್ವರವೆನ್ನಬಹುದು. ಬಾಯಿ ಬಿಟ್ಟರೆ ನಿನ್ನನ್ನು ನಂಬುವವರಾರು?"

ಮೇಣವಿಲ್ಲದಿದ್ದರೂ ಗಟ್ಟಿ ಚರ್ಮದಲ್ಲಿ ಆ ವಿಷ ಇಳಿಯಲು ಅರ್ಧ ದಿನ ಬೇಕೆಂದು ಬೊಪ್ಪಣ್ಣ ಬಲ್ಲ. ಅಷ್ಟರಲ್ಲಿ ಅರಸನ ಮೈತುಂಬ ಎಣ್ಣೆ ಹರಡಿರುತ್ತಿತ್ತು. ಆದ್ದರಿಂದಲೇ ಈ ನಾರು.

ಸಭೆಯಲ್ಲಿ ಅವನು ಉತ್ತರೀಯ ಸರಿಸಿದಾಗ ಆ ಕೆಂಪು ಕೈ ಕಂಡು ಮಾಚಿರಾಜನ ಮುಖ ಕಪ್ಪಿಟ್ಟಿತು. ಏನೆಂದು ತಡೆದಾನು ಪಾಪಿ! ಬೊಪ್ಪಣ್ಣನು ಬಿಸಿನೀರಿನ ಬಟ್ಟೆಯಿಂದ ಕೈಯನ್ನು ಒತ್ತಿಕೊಂಡು, ಹಲ್ಲು ಕಚ್ಚಿ ತೈಲವನ್ನು ತಿಕ್ಕಿಕೊಂಡನು. ಗಳಿಗೆ ತುಂಬುವ ಮೊದಲೇ ಅವನ ತುಟಿ ನೀಲಿಗಟ್ಟಿತು, ಬೆರಳುಗಳು ಸೆಟೆದವು. ಅವನು ಕುಸಿದು ಬಿದ್ದನು.

"ಪ್ರಭು, ವಿಷ ಬೆರೆಸಿದ ದ್ರೋಹಿ ಇವನೇ!" ಎಂದು ಮಾಚಿರಾಜ ಅರಚಿದನು.

"ತಾನೇ ಬೆರೆಸಿ ತಾನೇ ತಿಕ್ಕಿಕೊಂಡನೇ, ಮಾವ? ಎಲ್ಲಿ, ತಾವೂ ಕೈ ಚಾಚಿ."

ದಂಡನಾಯಕನು ಥಟ್ಟನೆ ಕೈಗಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡನು. ಅಷ್ಟು ಸಾಕಾಯಿತು. ಅರಸನ ಅಪ್ಪಣೆಯಂತೆ ಅವನನ್ನು ಕಂಬಕ್ಕೆ ಬಿಗಿದು, ಕೊಪ್ಪರಿಗೆಯ ತೈಲವನ್ನೆಲ್ಲ ಸುರಿದು, ಚರ್ಮ ಸುಲಿಯುವಂತೆ ತಿಕ್ಕಿದರು. ತಿಕ್ಕಿದ ಇಬ್ಬರು ಆಳುಗಳ ಕೈಗಳ ಗತಿಯೇನೆಂದು ಯಾರೂ ಕೇಳಲಿಲ್ಲ.

ಅರಸನು ಬೊಪ್ಪಣ್ಣನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬಿಕ್ಕಿದನು.

"ಹುಚ್ಚಪ್ಪಾ, ನನ್ನೊಡನೆ ಒಂದು ಮಾತು ಹೇಳಬಾರದಿತ್ತೇ?"

"ಹೋದ ವರ್ಷ ನನ್ನ ತಮ್ಮ ಹೇಳಿದನಲ್ಲಾ, ಪ್ರಭು," ಎಂದನು ಬೊಪ್ಪಣ್ಣ, ತಡವರಿಸುತ್ತ. "ಮಾವನವರ ಮೇಲೆ ಚಾಡಿ ಹೇಳಿದನೆಂದು ತಾವೇ ಅವನ ನಾಲಿಗೆ ಕೊಯ್ಯಿಸಿದಿರಿ."

ಅಷ್ಟು ಹೇಳುವಷ್ಟರಲ್ಲಿ ಬೊಪ್ಪಣ್ಣನ ಉಸಿರು ನಿಂತಿತು.